ಹೆಬ್ಬೆಟ್ಟು

ಬೌಲ್ಡರ್‌ನ ವರ್ಕ್‌ಶಾಪಿನಲ್ಲಿ ನಲವತ್ತನಾಲ್ಕು ಡಿಗ್ರಿ.
ಡಬ್ಬದ ಮೇಲೆ ಬರೆದದ್ದು: ಕಲಸಿದ ಮೇಲೆ ಇಪ್ಪತ್ತು ನಿಮಿಷ.
ಈ ಊರಲ್ಲಿ ಒಂಬತ್ತು.
ಅದಕ್ಕೇ ಮರ್ವ್ ಪ್ಯಾಸ್ಕೋ ರಾಳದ ಡಬ್ಬವನ್ನು
ತನ್ನ ಊಟದ ಐಸ್‌ಪೆಟ್ಟಿಗೆಯಲ್ಲೇ ಇಡುತ್ತಾನೆ,
ಬೀಟ್‌ರೂಟ್ ಸ್ಯಾಂಡ್‌ವಿಚ್ಚಿನ ಪಕ್ಕ.
ನಿಯಮಕ್ಕೆ ವಿರುದ್ಧ. ನಾನು ನೋಡಿಲ್ಲ.

ಪಂಪು ಹೊಟ್ಟೆ ಬಿಚ್ಚಿ ಮಲಗಿದೆ.
ಅದಿರು ಅರೆದ ಕೆಸರು ಹದಿನಾಲ್ಕು ತಿಂಗಳು
ಒಳಗೆ ಸುತ್ತಿ ಸುತ್ತಿ
ಎರಕದ ಕಬ್ಬಿಣವನ್ನು ಮೊಸರಿನಂತೆ ಕಡೆದಿದೆ;
ಗೋಡೆಯಲ್ಲಿ ಅಲೆ, ಅಲೆಯಲ್ಲಿ ಗುಳಿ,
ಒಂದು ಕಡೆ ನನ್ನ ಕಿರುಬೆರಳು ಆಚೆ ಬರುತ್ತದೆ.

ನಾನು ಪರ್ತ್‌ನಿಂದ ಬಂದವಳು, ಸವೆತದ ಲೆಕ್ಕ ಬರೆಯುವವಳು.
ಲ್ಯಾಬಿನಲ್ಲಿ ನನ್ನದೊಂದು ತಿರುಗುವ ತಟ್ಟೆ,
ಲೇಪ ಹಚ್ಚಿದ್ದು, ಮೇಲೊಂದು ಉಕ್ಕಿನ ಕಡ್ಡಿ.
ಮೊದಲೊಂದು ತೂಕ, ಆಮೇಲೊಂದು ತೂಕ,
ನಡುವೆ ಕಳೆದದ್ದೇ ನನ್ನ ಸಂಬಳ.

ಕೂದಲಿಗಿಂತ ಸಣ್ಣ ಕಾರ್ಬನ್ ಎಳೆ, ತುಂಡು ತುಂಡು,
ರಾಳಕ್ಕೆ ಬೆರೆಸಿದರೆ ಬಲ.
ಇನ್ನೂ ಬೆರೆಸಿದರೆ ಇನ್ನೂ ಬಲ ಅಂದುಕೊಂಡಿದ್ದೆ.
ಅಲ್ಲ. ಹದ ದಾಟಿದರೆ ಎಳೆಗಳು
ಉಪ್ಪಿಟ್ಟಿನ ಹಾಗೆ ಗಂಟು ಕಟ್ಟುತ್ತವೆ,
ಗಂಟಿನೊಳಗೆ ಗಾಳಿ, ಗಾಳಿಯಿಂದ ಬಿರುಕು,
ಮುರಿದ ಎಳೆ ಮರಳಾಗಿ
ತನ್ನನ್ನು ಹಿಡಿದಿದ್ದ ಮೈಯನ್ನೇ ಕೆರೆಯುತ್ತದೆ.

ನನಗೆ ಇಷ್ಟವಾದದ್ದು ಬೇರೆ:
ಸವೆದ ಪುಡಿ ಪೂರಾ ಉದುರಿ ಹೋಗುವುದಿಲ್ಲ.
ಒಂದಿಷ್ಟು ಎದುರಿನ ಉಕ್ಕಿಗೆ ಹತ್ತಿ
ಕಾಡಿಗೆಯಷ್ಟು ತೆಳ್ಳಗೆ ಬಳಿದುಕೊಳ್ಳುತ್ತದೆ.
ಆಮೇಲೆ ಉಜ್ಜಾಟ ಕಡಿಮೆ.
ಗ್ರಾಫಿನ ಗೆರೆ ಏರಿ, ತಡವರಿಸಿ, ಮಲಗುತ್ತದೆ.
ಕಳೆದುಕೊಂಡದ್ದೇ ನಡುವೆ ಚಾಪೆ ಹಾಸಿತು
ಎಂದು ವರದಿಯಲ್ಲಿ ಬರೆಯಲು ಬರುವುದಿಲ್ಲ.

'ಪಂಪಿನೊಳಗೆ ಕೆಸರು ಕಣಮ್ಮ,
ಹಾಸಿದ ಹಾಗೇ ಎಳಕೊಂಡು ಹೋಗುತ್ತೆ'
ಎಂದ ಮರ್ವ್, ವರದಿ ಓದಿ ಅಲ್ಲ,
ಕರಣೆಯಿಂದ ಬೆನ್ನು ಕೆರೆದುಕೊಳ್ಳುತ್ತ.

ಮೊದಲು ಮೈ ಒರಟಾಗಬೇಕು. ನುಣುಪಿಗೆ ಏನೂ ಹತ್ತದು.
ಗ್ರಿಟ್ ಹೊಡೆದು ಹೊಡೆದು ಕಬ್ಬಿಣ ಬೂದಿಬಣ್ಣಕ್ಕೆ ಬಂತು.
ನಮ್ಮ ಓಣಿಯಲ್ಲಿ 'ಒರಳು ಕುಟ್ಟಿಸ್ತೀರಾ' ಎಂದು
ಉಳಿ ಹಿಡಿದು ಕೂಗುತ್ತಿದ್ದವಳಿಗೆ
ಇದು ಗೊತ್ತಿತ್ತು,
ನಮ್ಮ ಹದಿನೆಂಟು ಪುಟದ ಕೈಪಿಡಿಗಿಂತ ಮುಂಚೆ.

ಒಂಬತ್ತು ನಿಮಿಷ. ಮಾತಿಲ್ಲ.
ಆಚೆ ಗಣಿಯಲ್ಲಿ ಸಿಡಿಸಿದ ಸದ್ದಿಗೆ ತಗಡು ನಡುಗಿತು,
ಕರಣೆ ನಡುಗಲಿಲ್ಲ.

ಏಳನೇ ದಿನ
ನಾಣ್ಯದಷ್ಟು ಅಲ್ಯೂಮಿನಿಯಂ ಬಿಲ್ಲೆ ಅಂಟಿಸಿ ಎಳೆದೆವು.
ಎಷ್ಟಕ್ಕೆ ಕಿತ್ತಿತು ಅನ್ನುವುದಕ್ಕಿಂತ ಎಲ್ಲಿ ಕಿತ್ತಿತು ನೋಡಬೇಕು:
ಬರಿ ಕಬ್ಬಿಣ ಕಂಡರೆ ಸಂಬಂಧವೇ ಇರಲಿಲ್ಲ;
ಎರಡೂ ಕಡೆ ಕಪ್ಪಿದ್ದರೆ, ಹಿಡಿದ ಕೈ ಬಿಡಲಿಲ್ಲ,
ಮೈಯೇ ಹರಿಯಿತು.
ಎರಡೂ ಕಡೆ ಕಪ್ಪು.
ಮರ್ವ್ ಶಿಳ್ಳೆ ಹಾಕಿದ.

ಸಂಜೆ, ಗೇಟಿನಲ್ಲಿ, ಹೊಸ ಹಾಜರಿ ಯಂತ್ರ.
ಹೆಬ್ಬೆಟ್ಟು ಒತ್ತಿದ. ಕೆಂಪು ದೀಪ.
ಪ್ಯಾಂಟಿಗೆ ಒರೆಸಿ ಒತ್ತಿದ. ಕೆಂಪು.
ಎಡಗೈ. ಕೆಂಪು.
ಮೂವತ್ತೊಂದು ವರ್ಷದ ಸಾಣೆ, ಗ್ರಿಟ್, ಥಿನ್ನರ್.
ಗೆರೆಗಳಿಲ್ಲ.
ನಮ್ಮಲ್ಲಿ ಅಕ್ಷರ ಬಾರದವರನ್ನು ಹೆಬ್ಬೆಟ್ಟು ಎನ್ನುತ್ತಾರೆ;
ಹೆಬ್ಬೆಟ್ಟೂ ಬಾರದವರಿಗೆ ಪದವಿಲ್ಲ.
ನನ್ನ ತಲೆ ಲೆಕ್ಕಕ್ಕೆ ಓಡಿತು, ಅಭ್ಯಾಸಬಲ.
ಆದರೆ ಮೊದಲಿನ ತೂಕ ಯಾರೂ ಬರೆದಿಟ್ಟಿಲ್ಲ.

ಕಾವಲಿನ ಹುಡುಗಿ ಹಳೇ ರಿಜಿಸ್ಟರ್ ತೆಗೆದಳು.
ಸಹಿ ಹಾಕಲು ಅವನು ಕೆಳಗಿಟ್ಟ ಐಸ್‌ಪೆಟ್ಟಿಗೆಯ
ಹಿಡಿಕೆಯ ಮೇಲೆ, ಕರಿಯ ರಾಳದಲ್ಲಿ,
ಯಾವತ್ತೋ ಗಟ್ಟಿಯಾದ ಒಂದು ಬೆರಳಚ್ಚು,
ಗೆರೆ ಗೆರೆಯೂ ನಿಚ್ಚಳ, ನೇಗಿಲು ಬಿಟ್ಟ ಹೊಲ.

ಯಾವಾಗಿನದು, ಕೇಳಿದೆ.
'ತೊಂಬತ್ತಾರು? ಏಳು?
ಪೆಟ್ಟಿಗೆ ಮಾತ್ರ ಒಳ್ಳೇದು,
ಇನ್ನೂ ತಣ್ಣಗೆ ಇಡುತ್ತೆ.'